ಮರಳುತೀರದ ಚೀಟಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಅಂಗೈಯಗಲದ ಒಂದು ಹಳದಿ ಚೀಟಿ. ಅದರ ಮೇಲೆ ಮೂರು ಚೌಕಗಳು, ಚೌಕಗಳ ಮುಂದೆ ಮೂರು ಹಡಗುಗಳ ದಾರಿ: ದ್ವೀಪಗಳ ಹಾದಿ, ಹಳೆಯ ಬಂದರುಗಳ ಹಾದಿ, ಮರಳುತೀರದ ಹಾದಿ. ಯಾವುದಾದರೊಂದಕ್ಕೆ ಗುರುತು ಹಾಕಿ, ಗಂಡ ಹೆಂಡತಿ ಇಬ್ಬರೂ ಕೆಳಗೆ ಸಹಿ ಮಾಡಿ, ಸಂಜೆ ಐದರೊಳಗೆ ಕಾರ್ಖಾನೆಯ ತಗಡಿನ ಡಬ್ಬಿಗೆ ಹಾಕಬೇಕು. ಇಷ್ಟೇ ಕೆಲಸ. ಮಗುವೊಂದು ಕಣ್ಣುಮುಚ್ಚಿ ಮಾಡಿಬಿಡಬಹುದಾದದ್ದು. ಆದರೆ ಚೀಟಿ ಸಿಕ್ಕಿ ಒಂಬತ್ತು ದಿನವಾದರೂ ಸೊನ್ನೆಯವರ ಕೈಯಲ್ಲಿ ಅದು ಹಾಗೇ ಖಾಲಿ ಉಳಿದಿತ್ತು.

ಸೊನ್ನೆಯವರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕೆಲಸ ಕೊಟ್ಟದ್ದು. ಅದು ಥರ್ಮಾಮೀಟರ್ ಕಾರ್ಖಾನೆ. ಅಲ್ಲಿ ಹುಟ್ಟುವ ಪ್ರತಿಯೊಂದು ಥರ್ಮಾಮೀಟರನ್ನೂ ಪುಡಿಮಾಡಿದ ಮಂಜುಗಡ್ಡೆಯ ತೊಟ್ಟಿಯಲ್ಲಿ ಅದ್ದಿ, ಪಾದರಸ ಇಳಿದಿಳಿದು ನಿಂತ ಜಾಗದಲ್ಲಿ ಸೊನ್ನೆಯ ಗುರುತು ಹಾಕುವುದು ಅವರ ಉದ್ಯೋಗ. ಹದಿನೆಂಟು ವರ್ಷ ಬೆಳಗಿನಿಂದ ಸಂಜೆಯವರೆಗೆ ಮಂಜಿನಲ್ಲಿ ಬೆರಳಾಡಿಸಿದವರಿಗೆ ಬೇಸಿಗೆಯೆಂದರೆ ಯಾರೋ ಹೇಳಿದ ಸುದ್ದಿ. ಅವರ ಕೈ ತಗುಲಿದರೆ ಹೆಂಡತಿ ನಿದ್ದೆಯಲ್ಲೇ "ಅಯ್ಯೋ, ಕಪ್ಪೆ!" ಎಂದು ಕಿರುಚುತ್ತಿದ್ದಳು.

ವರ್ಷಕ್ಕೊಮ್ಮೆ, ಚಳಿಗಾಲದ ನಡುಮಧ್ಯೆ, ಗಾಜು ಕರಗಿಸುವ ಕುಲುಮೆಯನ್ನು ಆರಿಸಿ ಒಳಗೋಡೆಗೆ ಹೊಸ ಇಟ್ಟಿಗೆ ಕಟ್ಟುತ್ತಾರೆ. ಹದಿನೈದು ದಿನ ಎಲ್ಲರಿಗೂ ಒಟ್ಟಿಗೆ ರಜೆ. ಕಾರ್ಖಾನೆಯವರದು ಏಳು ಸಂಸಾರ, ರಸ್ತೆಯಾಚೆ ಒಂದೇ ಕಟ್ಟಡದಲ್ಲಿ ವಾಸ. "ನಮ್ಮದೆಲ್ಲಾ ಒಂದೇ ಕುಟುಂಬ" ಎಂದು ನಂಬಿದ್ದ ಮ್ಯಾನೇಜರ್ ಸಾಹೇಬರು ಆ ಏಳೂ ಸಂಸಾರಗಳನ್ನು ಪ್ರತಿವರ್ಷ ಒಂದೇ ಊರಿಗೆ ಪ್ರವಾಸ ಕಳಿಸುತ್ತಿದ್ದರು. ತಾವು ಮಾತ್ರ ಮಗಳ ಮನೆಗೆ ಹೋಗುತ್ತಿದ್ದರು. ಈ ಸಲ ಹಡಗಿನ ಕಂಪನಿಯವರು ಮೂರು ಹಾದಿಗಳನ್ನು ಮುಂದಿಟ್ಟದ್ದರಿಂದ, ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ, ಆಯ್ಕೆ ಎಂಬುದೊಂದು ಅವರ ಬದುಕಿನೊಳಗೆ ಇಣುಕಿತ್ತು.

ಕೊನೆಯ ದಿನದ ಬೆಳಿಗ್ಗೆ ಹೆಂಡತಿ ಚೀಟಿಯನ್ನು ಎಳೆದುಕೊಂಡು, ಖಾಲಿ ಚೌಕಗಳ ಕೆಳಗೆ ಸರಸರನೆ ಸಹಿ ಮಾಡಿದಳು.

"ರೀ, ಗುರುತು ನೀವೇ ಹಾಕಿ. ನನಗೆ ಬೇಕಾಗಿರೋದು ಎರಡೇ. ಒಂದು, ಬಿಸಿಲು. ಇನ್ನೊಂದು, ಈ ಕಟ್ಟಡದ ಒಂದು ನರಪಿಳ್ಳೆನೂ ಆ ಹಡಗಲ್ಲಿ ಇರಕೂಡದು."

"ಹಾಗಂದ್ರೆ ಹೇಗೇ? ಅವರೂ ಎಲ್ಲಾದ್ರೂ ಹೋಗ್ಲೇಬೇಕಲ್ಲ?"

"ಹೋಗ್ಲಿ. ನಾವಿಲ್ಲದ ಕಡೆ ಹೋಗ್ಲಿ. ಹೋದ ವರ್ಷದ್ದು ಮರೆತುಹೋಯ್ತಾ?"

ಮರೆಯುವಂಥದ್ದಲ್ಲ. ಗಾಜು ಊದುವ ಮೇಷ್ಟ್ರು ಕಣ್ಣಿಗೆ ಬಿದ್ದ ಬಾಟಲಿಯನ್ನೆಲ್ಲ ಬಾಯಿಗಿಟ್ಟು ಊದುತ್ತಿದ್ದರು. ಸೂರ್ಯ ಹುಟ್ಟುವ ಮೊದಲೇ, ಅನಾಥ ಎಮ್ಮೆಯೊಂದು ಕರುವನ್ನು ಕರೆದ ಹಾಗೆ. ಉಗ್ರಾಣದಕ್ಕ ಹೋಟೆಲಿನ ಟವೆಲುಗಳನ್ನು ಬೆಳಿಗ್ಗೆ ಸಂಜೆ ಎಣಿಸಿ ಎಲ್ಲರಿಂದಲೂ ಸಹಿ ಹಾಕಿಸುತ್ತಿದ್ದರು. ಥರ್ಮಾಮೀಟರುಗಳ ಮೇಲೆ ಕೂದಲೆಳೆಯ ಗೀಟು ಕೊರೆಯುವ ಗೀಟಣ್ಣನಂತೂ ಯಾರದೇ ಕೋಣೆಗೆ ನುಗ್ಗಿ, "ಈ ಚಿತ್ರ ಅರ್ಧ ಡಿಗ್ರಿ ಎಡಕ್ಕೆ ವಾಲಿದೆ" ಎಂದು ಸರಿಪಡಿಸಿಯೇ ಹೊರಬೀಳುತ್ತಿದ್ದ.

"ಹದಿನೆಂಟು ವರ್ಷ ಆಯ್ತು," ಹೆಂಡತಿಯ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಒಂದು ಸಲ, ಒಂದೇ ಒಂದು ಸಲ, ಬಾಗಿಲು ತಟ್ಟೋರು ಯಾರೂ ಇಲ್ಲದೆ ಹದಿನೈದು ದಿನ ಇರಬೇಕು ಅಂತ ಆಸೆ ಕಣ್ರೀ. ಹಡಗು ಹತ್ತಿದ ಮೇಲೆ ಅವರಲ್ಲಿ ಒಬ್ಬರು ಕಂಡ್ರೂ ಸರಿ, ಮೊದಲನೇ ಬಂದರಲ್ಲೇ ಇಳಿದು ವಾಪಸ್ ಬರ್ತೀನಿ. ನೀವು ಬೇಕಾದ್ರೆ ಮುಂದೆ ಹೋಗಿ."

ಅವಳು ಹೇಳಿದ್ದನ್ನು ಮಾಡುವವಳು. ಸೊನ್ನೆಯವರು ಚೀಟಿಯನ್ನು ಮಡಿಸಿ ಎದೆಯ ಕಿಸೆಗೆ ಇಳಿಸಿದರು. ಅಲ್ಲಿ ಅದು ಇಡೀ ದಿನ ಇನ್ನೊಂದು ಹೃದಯದ ಹಾಗೆ ಹೊಡೆದುಕೊಳ್ಳುತ್ತಿತ್ತು.

ಕಾರ್ಖಾನೆಯಲ್ಲಿ ಅವರ ಹಂಚಿಕೆ ಸರಳವಾಗಿತ್ತು. ಯಾರ್‍ಯಾರು ಯಾವ ಹಾದಿ ಹಿಡಿಯುತ್ತಾರೆಂದು ತಿಳಿದುಕೊಂಡು, ಉಳಿದದ್ದಕ್ಕೆ ಗುರುತು ಹಾಕುವುದು. ಮಂಜಿನ ತೊಟ್ಟಿಯ ಪಕ್ಕದಲ್ಲೇ ಮೇಷ್ಟ್ರ ಊದುಗೊಳವೆ. ಮೇಷ್ಟ್ರು ಕೆನ್ನೆಯುಬ್ಬಿಸಿ ಗಾಜಿನ ಗುಳ್ಳೆಯೊಂದನ್ನು ಹಿಗ್ಗಿಸುತ್ತಿದ್ದರು.

"ಮೇಷ್ಟ್ರೇ, ಹಡಗಿನ ಚೀಟಿ ಹಾಕಿದ್ರಾ?"

ಗುಳ್ಳೆ ಟಪ್ಪನೆ ಒಡೆಯಿತು. "ನಾನಾ? ದ್ವೀಪಗಳು, ಸೊನ್ನೆಯವ್ರೇ, ದ್ವೀಪಗಳು! ನೀವೂ ಅದಕ್ಕೇ ಹಾಕಿ. ಆ ಮರಳುತೀರದ ತಂಟೆಗೆ ಮಾತ್ರ ಹೋಗ್ಬೇಡಿ. ನೊಣ. ಬಾಯಿ ತೆರೆದ್ರೆ ನಾಲ್ಕು ನೊಣ ಒಳಗೆ."

ಹನ್ನೊಂದು ಗಂಟೆಗೆ ಗೀಟಣ್ಣ ಥರ್ಮಾಮೀಟರುಗಳ ತಟ್ಟೆ ಹಿಡಿದು ಬಂದ. "ದ್ವೀಪಗಳೇ ಸರಿ," ಎಂದ ಅವನು, ಗೋಡೆಯ ಗಡಿಯಾರವನ್ನು ನೆಟ್ಟಗೆ ಮಾಡುತ್ತ. "ಮರಳುತೀರಕ್ಕೆ ಹೋಗೋ ಹಡಗಿದೆಯಲ್ಲ, ಹಳೇದು. ಒಂದು ಕಡೆಗೇ ವಾಲ್ಕೊಂಡು ಹೋಗುತ್ತಂತೆ. ನಾನಂತೂ ಅದರಲ್ಲಿ ಕೂತ್ರೆ ಹುಚ್ಚು ಹಿಡಿಯುತ್ತೆ."

ಊಟದ ಹೊತ್ತಿಗೆ ಉಗ್ರಾಣದಕ್ಕನ ಸರದಿ. "ಹಳೇ ಬಂದರುಗಳು ತಮ್ಮಾ, ಕಣ್ಣುಮುಚ್ಚಿ ಹಾಕಿಬಿಡು. ಮರಳುತೀರದಲ್ಲಿ ಏನಿದೆ ಮಣ್ಣು? ಕುಡಿಯೋ ನೀರು ಉಪ್ಪು, ಹಾಸಿಗೇಲೆಲ್ಲಾ ಮರಳು. ಹೋದ ಶತ್ರುವೂ ಬೈಕೊಂಡು ಬರ್ತಾನೆ."

ಉಳಿದ ಮೂವರನ್ನು ಕೇಳಿದರೂ ಇದೇ ರಾಗ. ಒಬ್ಬ ದ್ವೀಪ ಎಂದರೆ ಇಬ್ಬರು ಬಂದರು ಎಂದರು. ಮರಳುತೀರದ ಹೆಸರೆತ್ತಿದರೆ ಮಾತ್ರ ಎಲ್ಲರ ಮುಖವೂ ಹುಳಿ ತಿಂದಂತಾಗುತ್ತಿತ್ತು. ಯಾರೂ ಬೇಡವೆಂದ ಒಂದು ಹಾದಿ! ಸೊನ್ನೆಯವರಿಗೆ ಕುಣಿಯುವ ಹಾಗಾಯಿತು. ಆದರೆ ಬರೀ ಏಕಾಂತ ಸಾಲದು, ಬಿಸಿಲೂ ಬೇಕಲ್ಲ.

ಅದನ್ನು ತಿಳಿಯುವ ದಾರಿ ಈ ಭೂಮಿಯ ಮೇಲೆ ಬಹುಶಃ ಅವರ ಕಾರ್ಖಾನೆಯವರಿಗೆ ಮಾತ್ರ ಗೊತ್ತಿತ್ತು. ದೂರದೂರದ ಬಂದರು ಕಚೇರಿಗಳು ಅವರಿಂದ ಥರ್ಮಾಮೀಟರು ಕೊಳ್ಳುತ್ತಿದ್ದವು. ಅನುಮಾನ ಬಂದಾಗ ದಿನದಿನದ ಉಷ್ಣತೆ ಬರೆದು ದೂರು ಕಳಿಸುತ್ತಿದ್ದವು. ಆ ಕಾಗದಗಳೆಲ್ಲ ಉಗ್ರಾಣದ ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ್ದವು. ಊಟದ ಗಂಟೆ ಮುಗಿಯುವಷ್ಟರಲ್ಲಿ ಸೊನ್ನೆಯವರು ಬೀರು ತೆರೆದರು. ಯಾರೂ ಮುಟ್ಟದ ಆ ಕಟ್ಟುಗಳ ಮೇಲೆ ಧೂಳಿನ ಸುಳಿವೇ ಇರಲಿಲ್ಲ, ದಾರ ನಿನ್ನೆ ಮೊನ್ನೆ ಕಟ್ಟಿದ ಹಾಗೆ ಸಡಿಲವಾಗಿತ್ತು. ಎಷ್ಟು ಚೊಕ್ಕಟ ಈ ಅಕ್ಕನದು ಎಂದು ಮೆಚ್ಚಿಕೊಂಡರು.

ದ್ವೀಪದ ಕಚೇರಿಯವರು ಬರೆದಿದ್ದರು: ಮಳೆ ಮೂರು ವಾರದಿಂದ ಬಿಟ್ಟಿಲ್ಲ, ನಿಂತ ಮೇಲೆ ಮತ್ತೆ ಪರೀಕ್ಷಿಸುತ್ತೇವೆ. ಹಳೆಯ ಬಂದರಿನವರು: ಸಂಜೆಯ ಗಾಳಿಗೆ ಪಾದರಸ ಒಂಬತ್ತಕ್ಕೆ ಇಳಿಯುತ್ತಿದೆ, ಇದು ನಿಮ್ಮ ದೋಷವೋ ನಮ್ಮ ಚಳಿಯೋ ತಿಳಿಸಿ. ಮರಳುತೀರದವರ ಕಾಗದ ಮಾತ್ರ ಒಂದು ಪ್ರೇಮಪತ್ರದ ಹಾಗಿತ್ತು. ಚಳಿಗಾಲದುದ್ದಕ್ಕೂ ಮಧ್ಯಾಹ್ನ ಇಪ್ಪತ್ತೇಳು, ಸಂಜೆ ಇಪ್ಪತ್ತೆರಡು. ದಿನದಿನವೂ ಅದೇ ಸಂಖ್ಯೆ ಬರುತ್ತಿರುವುದರಿಂದ ಥರ್ಮಾಮೀಟರು ಕೆಟ್ಟಿರಬಹುದೇ ಎಂದು ಅವರಿಗೆ ಅನುಮಾನ. ಕೆಟ್ಟಿರಲಿಲ್ಲ. ಅದರ ಸೊನ್ನೆ ಹಾಕಿದವರು ಸ್ವತಃ ಇವರೇ. ಆ ಸಾಲನ್ನು ಮತ್ತೆ ಮತ್ತೆ ಓದುವಾಗ ಸೊನ್ನೆಯವರ ಬೆರಳ ತುದಿಯಲ್ಲಿ ಎಂದೋ ಕಳೆದುಹೋದ ಒಂದು ಬೆಚ್ಚಗಿನ ನೆನಪು ಕಣ್ಣುಬಿಟ್ಟಂತಾಯಿತು.

ತೊಟ್ಟಿಯ ಬಳಿಗೆ ಬಂದು, ಮಧ್ಯಾಹ್ನದ ಕೆಲಸ ಮುಗಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಚೀಟಿ ಬಿಚ್ಚಿ ಮರಳುತೀರದ ಚೌಕಕ್ಕೆ ಗುರುತು ಹಾಕಿದರು.

"ಏನ್ ಬರೀತಿದ್ದೀರಿ ಸೊನ್ನೆಯವ್ರೇ?" ಬೆನ್ನ ಹಿಂದೆಯೇ ಮೇಷ್ಟ್ರ ದನಿ.

ಬೆಚ್ಚಿಬಿದ್ದ ಕೈಯಿಂದ ಚೀಟಿ ಹಾರಿತು. ಹಾರಿ, ಗಾಳಿಯಲ್ಲಿ ಒಂದು ಲಾಗ ಹಾಕಿ, ನೇರ ಮಂಜಿನ ತೊಟ್ಟಿಗೆ ಬಿತ್ತು. ಕೈಯದ್ದಿ ತೆಗೆಯುವಷ್ಟರಲ್ಲಿ ಹೆಂಡತಿಯ ಸಹಿ ನೀಲಿ ಮೋಡವಾಗಿ ಹರಡಿಹೋಗಿತ್ತು.

ಗಂಟೆ ಮೂರೂಮುಕ್ಕಾಲು. ಸಾಹೇಬರ ಕೋಣೆಗೆ ಓಡಿ ಇನ್ನೊಂದು ಚೀಟಿ ಕೇಳಿದರು. ಸಾಹೇಬರು ಆತುರದ ಆಸಾಮಿಯಲ್ಲ.

"ಕೂತ್ಕೊಳ್ರೀ. ಈ ಮೂರು ಹಾದಿ ಅಂತ ಮಾಡಿದ್ದು ನನಗೇ ಇಷ್ಟ ಇಲ್ಲ ಕಣ್ರೀ. ಎಲ್ಲರೂ ದಿಕ್ಕಾಪಾಲಾಗಿ ಹೋಗ್ತೀರಲ್ಲ ಅಂತ ಸಂಕಟ. ಒಂದೇ ಕುಟುಂಬ ನಮ್ಮದು."

"ಹೌದು ಸಾರ್. ಚೀಟಿ ಸಾರ್."

"ನನ್ನ ತಂದೆ ಹೇಳೋರು..." ಎಂದು ಸಾಹೇಬರು ತಂದೆಯ ಬಾಲ್ಯದಿಂದ ಶುರುಮಾಡಿದರು. ತಂದೆ ದೊಡ್ಡವರಾಗಿ, ಕಾರ್ಖಾನೆ ಕಟ್ಟಿ, ಕಾಲವಾಗುವ ಹೊತ್ತಿಗೆ ನಾಲ್ಕೂ ಹತ್ತು. ಚೀಟಿ ಕೈಗೆ ಬಂದದ್ದೇ ಸೊನ್ನೆಯವರು ರಸ್ತೆ ದಾಟಿ ಮನೆಗೆ ಓಡಿದರು. ಬಾಗಿಲಿಗೆ ಬೀಗ.

ಹೆಂಡತಿ ಹೊಲಿಗೆಯಂಗಡಿಗೆ ಹೋಗುವೆನೆಂದಿದ್ದು ನೆನಪಾಗಲು ಎರಡು ನಿಮಿಷ ಹಿಡಿಯಿತು. ಆ ಅಂಗಡಿ ಇಳಿಜಾರಿನ ಬೀದಿಯ ಕೊನೆಯಲ್ಲಿ. ಚಳಿಗಾಳಿ ಮುಖಕ್ಕೆ ಉಪ್ಪುಕಾಗದ ಉಜ್ಜುತ್ತಿತ್ತು. ಐವತ್ತರ ಗಡಿಯ ಒಬ್ಬ ಮನುಷ್ಯ ಹಳದಿ ಕಾಗದವನ್ನು ಬಾವುಟದಂತೆ ಹಿಡಿದು ಓಡುವುದನ್ನು ಕಂಡು ಬೀದಿಯ ಇಬ್ಬರು ಮೂವರು ಬೆಂಕಿ ಎಲ್ಲಿ ಬಿದ್ದಿದೆಯೆಂದು ಕೇಳಿದರು.

ಅಂಗಡಿಯೊಳಗೆ ಹೆಂಡತಿ ಎತ್ತರದ ಸ್ಟೂಲಿನ ಮೇಲೆ ಎರಡೂ ತೋಳು ಚಾಚಿ ನಿಂತಿದ್ದಳು. ಬೇಸಿಗೆಯ ತೆಳು ಉಡುಪೊಂದನ್ನು ಮೈಮೇಲೆಯೇ ಗುಂಡುಸೂಜಿಗಳಿಂದ ಜೋಡಿಸಲಾಗುತ್ತಿತ್ತು. ದರ್ಜಿಯಮ್ಮನ ತುಟಿಯ ನಡುವೆ ಇನ್ನೂ ಒಂದು ಡಜನ್ ಸೂಜಿ.

"ಸಹಿ! ಬೇಗ!"

"ಅಲ್ಲಾಡಬೇಡಿ," ಎಂದಿತು ಸೂಜಿಗಳ ನಡುವಿನಿಂದ ದರ್ಜಿಯಮ್ಮನ ದನಿ. "ಅಲ್ಲಾಡಿದ್ರೆ ಸೊಂಟ ಎಲ್ಲಾ ಮೊದಲಿಂದ."

"ಬೆಳಿಗ್ಗೆ ಮಾಡಿದ್ದೆನಲ್ರೀ?"

"ಅದು ಕರಗಿಹೋಯ್ತು ಕಣೇ."

ಹೆಂಡತಿ ಅವರ ಮುಖವನ್ನು ಎರಡು ಗಳಿಗೆ ನೋಡಿದಳು. ಈ ಮನುಷ್ಯನೊಂದಿಗೆ ಹದಿನೆಂಟು ವರ್ಷ ಕಳೆದವಳಿಗೆ ವಿವರ ಬೇಕಾಗಲಿಲ್ಲ. "ಯಾವುದು ಕೊನೆಗೆ?"

"ಮರಳುತೀರ. ಮಧ್ಯಾಹ್ನ ಇಪ್ಪತ್ತೇಳು, ಸಂಜೆ ಇಪ್ಪತ್ತೆರಡು. ನಾನೇ ನೋಡಿದ್ದೀನಿ."

"ಬೇರೆ ಯಾರೂ ಇಲ್ವಲ್ಲ?"

"ಒಬ್ಬರೂ ಇಲ್ಲ. ನನ್ನಾಣೆ."

ಅವಳ ಮುಖ ಅರಳಿತು. ಚಾಚಿದ ತೋಳನ್ನು ಮಡಚದೆಯೇ, ಸೊನ್ನೆಯವರು ಅಂಗೈ ಮೇಲೆ ಹಿಡಿದ ಚೀಟಿಗೆ, ಬೊಂಬೆಯಾಟದ ರಾಣಿ ವರ ಕೊಟ್ಟಂತೆ ಸಹಿ ಹಾಕಿದಳು. ಅಷ್ಟರಲ್ಲಿ ತೋಳಿನ ಸೂಜಿಯೊಂದು ಅವರ ಹೆಬ್ಬೆರಳಿಗೆ ಇಳಿದದ್ದು ಬೇರೆ ಮಾತು. ಅವರ ಬೆರಳಿಗೆ ಅದು ತಿಳಿಯಲೇ ಇಲ್ಲ.

ಏರುಬೀದಿ ಹತ್ತಿ ಕಾರ್ಖಾನೆ ಸೇರಿದಾಗ ಐದಕ್ಕೆ ಹನ್ನೆರಡು ನಿಮಿಷ. ಈಗ ನೋಡಿದರೆ ಪೆನ್ನಿಲ್ಲ, ದರ್ಜಿಯಮ್ಮನ ಮೇಜಿನ ಮೇಲೇ ಬಿಟ್ಟು ಬಂದಿದ್ದರು. ಉಗ್ರಾಣಕ್ಕೆ ನುಗ್ಗಿದರು.

"ಅಕ್ಕಾ, ಒಂದು ಪೆನ್ಸಿಲ್!"

"ಗಟ್ಟಿಯದ್ದಾ, ಮೆದುದಾ?"

"ಯಾವುದಾದ್ರೂ ಸರಿ ಅಕ್ಕಾ, ಜೀವ ಹೋಗ್ತಿದೆ!"

"ಜೀವ ಹೋದ್ರೂ ರಿಜಿಸ್ಟರ್ ತುಂಬಿಸಿ ಹೋಗ್ಬೇಕು ತಮ್ಮಾ." ಅಕ್ಕ ದಪ್ಪ ಪುಸ್ತಕ ತೆಗೆದರು. ತಾರೀಖು, ಪೆನ್ಸಿಲಿನ ಉದ್ದ, ಪಡೆದ ಉದ್ದೇಶ. ಉದ್ದೇಶದ ಮುಂದೆ ಬೆರಳಿಟ್ಟು ಕಣ್ಣು ಕಿರಿದುಮಾಡಿ ಕೇಳಿದರು: "ಹಡಗಿನ ಚೀಟೀಗಾ? ಯಾವುದು ಹಾಕ್ತೀಯ?"

"ದ್ವೀಪಗಳು ಅಕ್ಕಾ," ಎಂದು ಸೊನ್ನೆಯವರು ಜೀವಮಾನದಲ್ಲಿ ಮೊದಲ ಬಾರಿ ರೆಪ್ಪೆ ಅಲುಗದೆ ಸುಳ್ಳು ಹೇಳಿದರು.

ಅಕ್ಕನ ಮುಖದಲ್ಲಿ ಹಬ್ಬಿದ ಸಂತೋಷ ಕಂಡು ಅವರಿಗೆ ಒಳಗೊಳಗೇ ಚುಚ್ಚಿದಂತಾಯಿತು. ಪಾಪ, ಎಷ್ಟು ಅಕ್ಕರೆ! ಓಣಿಯಲ್ಲಿ ಎದುರಾದ ಮೇಷ್ಟ್ರೂ ಅದನ್ನೇ ಕೇಳಿ, ಅದೇ ಸುಳ್ಳು ಕೇಳಿಸಿಕೊಂಡು, "ಅಬ್ಬಾ, ಈಗ ನನ್ನ ಮನಸ್ಸು ನಿರಾಳ ಆಯ್ತು" ಎಂದು ಬಾಚಿ ತಬ್ಬಿಕೊಂಡರು. ಆ ಅಪ್ಪುಗೆಯಿಂದ ಬಿಡಿಸಿಕೊಂಡು, ಕಂಬದ ಮರೆಯಲ್ಲಿ ಗುರುತು ಹಾಕಿ, ತಮ್ಮ ಸಹಿಯನ್ನೂ ಮಾಡಿ, ಚೀಟಿಯನ್ನು ಡಬ್ಬಿಯ ಸೀಳಿಗೆ ತುರುಕಿದಾಗ ಐದಕ್ಕೆ ಇನ್ನೊಂದೇ ನಿಮಿಷ.

ಸೊನ್ನೆಯವರು ಕಂಬಕ್ಕೆ ಒರಗಿ ಉಸಿರು ಬಿಟ್ಟರು. ಒಬ್ಬ ಸಾಮಾನ್ಯ ಮನುಷ್ಯ ತನ್ನ ಆಯುಷ್ಯದಲ್ಲಿ ಒಂದು ಕೆಲಸವನ್ನು ಪೂರ್ತಿ ಸರಿಯಾಗಿ ಮಾಡಿ ಮುಗಿಸಿದ ಗಳಿಗೆ ಅದು. ಕಿಟಕಿಯ ಹೊರಗಿನ ಬೂದು ಆಕಾಶ ಕೂಡ ತನ್ನ ಹೆಗಲು ತಟ್ಟುತ್ತಿದೆ ಎನ್ನಿಸಿತು.

ಐದು ಹೊಡೆಯುತ್ತಿದ್ದಂತೆ ಹಡಗಿನ ಕಂಪನಿಯವನು ಬಂದ. ಏಳೂ ಮಂದಿ ಸುತ್ತ ನೆರೆದರು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ಕಂಪನಿಯವನು ಡಬ್ಬಿ ಮಗುಚಿ, ಚೀಟಿ ಬಿಡಿಸಿ, ಶಾಲೆಯ ಹಾಜರಿ ಕರೆಯುವ ದನಿಯಲ್ಲಿ ಓದತೊಡಗಿದ.

"ಗಾಜು ಊದುವ ವಿಭಾಗ. ಮರಳುತೀರ."

ಸೊನ್ನೆಯವರು ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಚಾವಣಿ ನೋಡುತ್ತಿದ್ದರು.

"ಉಗ್ರಾಣ. ಮರಳುತೀರ."

ಮೇಷ್ಟ್ರ ಕಣ್ಣು ಚಾವಣಿಯಿಂದ ಸರ್‍ರನೆ ಇಳಿಯಿತು. "ಅಕ್ಕಾ! ಬಂದರು ಅಂದ್ರಲ್ಲ?"

"ನೀವು ದ್ವೀಪ ಅಂದ್ರಲ್ಲ? ನೊಣ ಅಂತ ಹೇಳಿ ನನ್ನನ್ನೇ ಹೆದರಿಸಿದ್ರಿ!"

"ಗೀಟು ವಿಭಾಗ. ಮರಳುತೀರ." ಓದುವವನು ತಲೆಯೆತ್ತಲಿಲ್ಲ. ನಾಲ್ಕನೆಯದೂ ಮರಳುತೀರ. ಐದು, ಆರು, ಅದೇ. ಒಂದೊಂದು ಹೆಸರಿಗೂ ಸೊನ್ನೆಯವರು ಒಂದೊಂದು ಡಿಗ್ರಿ ಇಳಿಯುತ್ತ ಹೋದರು. ಕೊನೆಯ ಚೀಟಿಗೆ ಆತ ಕೈಹಾಕಿದಾಗ ಅವರು ಮುಂದೆ ಜಿಗಿದರು.

"ಅದು ತಪ್ಪಾಗಿದೆ! ಅವಸರದಲ್ಲಿ ಹಾಕಿದ್ದು! ನನ್ನದು ದ್ವೀಪಗಳು!"

"ಐದಾದ ಮೇಲೆ ತಿದ್ದೋ ಹಾಗಿಲ್ಲ ಸ್ವಾಮಿ," ಎಂದ ಆತ. "ಸೊನ್ನೆ ವಿಭಾಗ. ಮರಳುತೀರ."

ಆರು ಜೋಡಿ ಕಣ್ಣುಗಳು ಅವರ ಮೇಲೆ ನೆಟ್ಟವು. ಅವುಗಳಲ್ಲಿದ್ದದ್ದು ಅಕ್ಕರೆಯಲ್ಲ.

"ನೀವೂನಾ?" ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. "ನಾನು ಇಷ್ಟೆಲ್ಲಾ ಒದ್ದಾಡಿದ್ದು ನಿಮ್ಮಿಂದ ತಪ್ಪಿಸ್ಕೊಳ್ಳೋಕೆ ಕಣ್ರೀ!"

"ನನ್ನಿಂದಾನಾ? ನಾನೇನು ಮಾಡಿದ್ದೆ?"

"ಏನು ಮಾಡಿದ್ರಾ? ಹೋದ ವರ್ಷ ಹದಿನೈದು ದಿನ, ನನ್ನ ಲೋಟಕ್ಕೆ ಆ ನಿಮ್ಮ ಥರ್ಮಾಮೀಟರ್ ಅದ್ದಿ, 'ಮೇಷ್ಟ್ರೇ, ಚಹಾ ಅರವತ್ತೆಂಟು, ಇನ್ನೂ ಎರಡು ನಿಮಿಷ ತಡೀರಿ' ಅಂದೋರು ಯಾರು? ಒಂದು ದಿನ ನೆಮ್ಮದಿಯಾಗಿ ನಾಲಿಗೆ ಸುಟ್ಕೊಳ್ಳೋಕೆ ಬಿಟ್ರಾ?"

"ನನ್ನ ಸ್ನಾನದ ನೀರಿಗೂ ಅದ್ದಿದ್ರು," ಎಂದ ಗೀಟಣ್ಣ ತಣ್ಣಗೆ.

ತಾನು ಇತರರ ಪಾಲಿಗೆ ಹೀಗೊಂದು ಕಥೆಯಾಗಿದ್ದೇನೆಂಬುದು ಮನುಷ್ಯನಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಅಷ್ಟರಲ್ಲಿ ಬಿಕ್ಕಿದ ಸದ್ದು ಕೇಳಿ ಎಲ್ಲರೂ ತಿರುಗಿದರು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಮೂರು ದಾರಿ ಕೊಟ್ರೂ ಏಳೂ ಜನ ಒಂದೇ ದಾರಿ ಹಿಡಿದ್ರಲ್ರಪ್ಪಾ! ಅದೂ ಒಬ್ಬರಿಗೊಬ್ಬರು ಹೇಳದೆ! ನನ್ನ ತಂದೆ ಇದನ್ನ ನೋಡ್ಬೇಕಾಗಿತ್ತು." ಎದ್ದು ನಿಂತರು. "ಈ ಸಲ ಮಗಳ ಮನೆ ಬೇಡ. ನಾನೂ ನಮ್ಮನೆಯವ್ರೂ ನಿಮ್ಮ ಜೊತೇನೇ ಬರ್ತೀವಿ. ಸೊನ್ನೆಯವ್ರೇ, ಚೀಟಿ ಹಾಳಾದ್ರೂ ಬಿಡದೆ ಇನ್ನೊಂದು ಕೇಳಿ ತಗೊಂಡು ಓಡಿದೋರು ನೀವು. ಪ್ರವಾಸದ ಉಸ್ತುವಾರಿ ನಿಮ್ಮದು. ನೀವಿಲ್ದೆ ಹಡಗು ಹೊರಡಲ್ಲ, ತಿಳೀತಾ?"

ಸೊನ್ನೆಯವರು ರಸ್ತೆ ದಾಟಿ ಮನೆಯ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದಿತ್ತು. ಹೆಂಡತಿ ಅಲ್ಲಲ್ಲಿ ಇನ್ನೂ ಗುಂಡುಸೂಜಿ ಉಳಿದಿದ್ದ ಹೊಸ ಉಡುಪು ತೊಟ್ಟು, ತೆರೆದ ಪೆಟ್ಟಿಗೆಯ ಮುಂದೆ ಕೂತು ಬಟ್ಟೆ ಜೋಡಿಸುತ್ತಿದ್ದಳು. ಅವಳ ಮುಖದಲ್ಲಿ ಆಗಲೇ ಮರಳುತೀರದ ಮಧ್ಯಾಹ್ನ ಮೂಡಿತ್ತು. ಸುಳ್ಳು ಹೇಳೋಣವೆಂದರೆ ಆ ದಿನದ ಸುಳ್ಳಿನ ದಾಸ್ತಾನು ಮುಗಿದಿತ್ತು. ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಮೇಷ್ಟ್ರು, ಅಕ್ಕ, ಗೀಟಣ್ಣ, ಉಳಿದ ಮೂವರು, ಸಾಹೇಬರು, ಸಾಹೇಬರ ಹೆಂಡತಿ, ಉಸ್ತುವಾರಿ.

ಹೆಂಡತಿ ಕೈಯಲ್ಲಿದ್ದ ರವಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡಿದಳು. ಸೊನ್ನೆಯವರು ಕಣ್ಣೀರಿಗೆ ಸಿದ್ಧರಾಗಿದ್ದರು, ಬೈಗುಳಕ್ಕೂ.

"ಏಳೂ ಮನೆಯವರಾ?" ಎಂದಳು.

"ಏಳೂ."

"ಹೆಂಡತಿ ಮಕ್ಕಳು ಸಮೇತ?"

"ಎಲ್ಲರೂ ಕಣೇ. ತಪ್ಪಾಯ್ತು."

"ಅಂದ್ರೆ..." ಅವಳ ಕಣ್ಣಲ್ಲಿ ಏನೋ ನಿಧಾನವಾಗಿ ಹೊತ್ತಿಕೊಂಡಿತು. "ಹದಿನೈದು ದಿನ ಈ ಕಟ್ಟಡದಲ್ಲಿ ಒಬ್ಬರೂ ಇರಲ್ಲ?"

ಸೊನ್ನೆಯವರಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದೊಡನೆ ಅವರ ಮುಖವೂ ಬೆಳಗಿತು. "ಹೌದಲ್ವೇ! ನಾವಿಬ್ಬರೂ ಇಲ್ಲೇ ಉಳ್ಕೊಂಡುಬಿಟ್ರೆ..."

"ನೀವು ಹೇಗೆ ಉಳ್ಕೋತೀರಿ? ನೀವಿಲ್ದೆ ಹಡಗು ಹೊರಡಲ್ಲ ಅಂದಿದ್ದಾರಲ್ಲ ಸಾಹೇಬ್ರು. ಅವರ ಮಾತು ಮೀರೋಕಾಗುತ್ತಾ?"

"ನಿನಗಿಲ್ಲಿ ಚಳಿ ಆಗುತ್ತೆ ಕಣೇ."

"ಎರಡು ಕಂಬಳಿ ಹೊದ್ಕೋತೀನಿ. ಇಡೀ ಕಟ್ಟಡ ಅಂದ್ರೆ ಇಡೀ ಕಟ್ಟಡ, ರೀ! ಒಂದು ಬಾಗಿಲು ಬಡಿಯೋ ಸದ್ದಿಲ್ಲ!"

ಅವಳು ಪೆಟ್ಟಿಗೆಯ ಕಡೆ ತಿರುಗಿ ತನ್ನ ಬಟ್ಟೆಗಳನ್ನು ಒಂದೊಂದಾಗಿ ಹೊರತೆಗೆದು ಬೀರುವಿನಲ್ಲಿ ಜೋಡಿಸತೊಡಗಿದಳು. ಖಾಲಿಯಾದ ಜಾಗಕ್ಕೆ ಗಂಡನ ಅಂಗಿಗಳನ್ನು ಮಡಿಸಿಟ್ಟಳು. ಕೆಲಸದ ನಡುವೆ ತನಗೇ ತಿಳಿಯದೆ ಯಾವುದೋ ಹಾಡು ಗುನುಗುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂದು ಸೊನ್ನೆಯವರಿಗೆ ಗೊತ್ತೇ ಇರಲಿಲ್ಲ.